ಎಂಟು ದಿನ ಅಂದಿದ್ದೆ, ಮೂರು ತಿಂಗಳು ಅನ್ನಲಿಲ್ಲ

1972ರಲ್ಲಿ ನಾನು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಆಸ್ಪತ್ರೆಯಲ್ಲಿ ಆಯಾ ಆಗಿದ್ದೆ. ಹೆರಿಗೆ ಕೋಣೆ ತೊಳೆಯುವುದು, ಕತ್ತರಿ ಚಿಮಟ ಕುದಿಸುವುದು, ಡಾಕ್ಟರು ಹೇಳಿದ್ದನ್ನು ಜನಕ್ಕೆ ತಿಳಿಯುವ ಮಾತಿನಲ್ಲಿ ಹೇಳುವುದು ನನ್ನ ಕೆಲಸ. ಮೂರನೆಯದನ್ನು ಯಾರೂ ಆರ್ಡರಿನಲ್ಲಿ ಬರೆದಿರಲಿಲ್ಲ. ಡಾಕ್ಟರ ಬಾಯಲ್ಲಿ ಅರ್ಧ ಇಂಗ್ಲಿಷು, ಜನ ನನ್ನ ಮುಖ ನೋಡುತ್ತಿದ್ದರು, ಹಾಗಾಗಿ ಅದು ನನ್ನ ಪಾಲಿಗೆ ಬಂತು. ನಾನು ಓದಿದ್ದು ಎರಡನೇ ಕ್ಲಾಸು. ನನಗೆ ಗೊತ್ತಿದ್ದೆಲ್ಲ ಡಾಕ್ಟರು ಗೋಡೆಯ ಪಟ ತೋರಿಸಿ ಹೇಳಿಕೊಟ್ಟದ್ದು.

ಆಗ ಗಂಡಸರ ಆಪರೇಷನ್ನಿನ ಕ್ಯಾಂಪುಗಳು ನಡೆಯುತ್ತಿದ್ದವು. ಅದಕ್ಕೆ ವಾಸೆಕ್ಟಮಿ ಅನ್ನುತ್ತಾರೆ. ಕಾಲು ಗಂಟೆಯ ಕೆಲಸ. ಗಂಡಸಿನ ಎರಡು ಬೀಜಗಳು, ಅಂದರೆ ವೃಷಣಗಳು, ಮೈಯ ಹೊರಗೆ ಚೀಲದಲ್ಲಿ ಇರುತ್ತವೆ. ಹೊಟ್ಟೆಯ ಒಳಗಿನ ಕಾವು ಅವಕ್ಕೆ ಜಾಸ್ತಿಯಾಗುತ್ತದೆ, ಅದಕ್ಕೇ ಹೊರಗೆ. ವೀರ್ಯಾಣು ಹುಟ್ಟುವುದು ಅಲ್ಲಿ. ಬೀಜದ ಬೆನ್ನಿಗೆ ಸುರುಳಿ ಸುತ್ತಿದ ಒಂದು ನಾಳ ಅಂಟಿಕೊಂಡಿದೆ, ಅಲ್ಲಿ ಅವು ಬಲಿಯುತ್ತವೆ. ಅಲ್ಲಿಂದ ಶಾವಿಗೆ ಎಳೆಗಿಂತ ತುಸು ದಪ್ಪದ ವೀರ್ಯನಾಳ ಮೇಲೆ ಹೋಗಿ, ಹೊಟ್ಟೆಯೊಳಗೆ ಮೂತ್ರಚೀಲದ ಹಿಂದಕ್ಕೆ ತಿರುಗುತ್ತದೆ. ಅಲ್ಲಿರುವ ಪ್ರಾಸ್ಟೇಟ್ ಮತ್ತು ಇನ್ನೆರಡು ಗ್ರಂಥಿಗಳ ನೀರು ಸೇರಿ ವೀರ್ಯವಾಗುತ್ತದೆ. ಆಪರೇಷನ್ನಿನಲ್ಲಿ ಆ ನಾಳವನ್ನು ಎರಡೂ ಕಡೆ ಕತ್ತರಿಸಿ ಕಟ್ಟುತ್ತಾರೆ, ಅಷ್ಟೇ. ಬೀಜವನ್ನು ಮುಟ್ಟುವುದಿಲ್ಲ. ಮೀಸೆ, ದನಿ, ಆಸೆ ಇವುಗಳಿಗೆ ಬೇಕಾದ ಹಾರ್ಮೋನು ರಕ್ತದಲ್ಲಿ ಹೋಗುತ್ತದೆ, ನಾಳದಲ್ಲಿ ಅಲ್ಲ. ಹಾಗಾಗಿ ಗಂಡಸು ಗಂಡಸಾಗಿಯೇ ಇರುತ್ತಾನೆ.

ನಮ್ಮ ಸುತ್ತಿನ ಹಳ್ಳಿಗಳಲ್ಲಿ ಕುರಿಯವರು ಹೆಚ್ಚು. ಟಗರಿನ ಬೀಜ ಒಡೆಸುವುದನ್ನು ಹುಟ್ಟಿದಾಗಿನಿಂದ ನೋಡಿದವರು. ತಮಗೂ ಅದನ್ನೇ ಮಾಡುತ್ತಾರೆ ಎಂದು ಹೆದರುತ್ತಿದ್ದರು. ಆ ದಿನ ಗಿರಿಯಪ್ಪ ಎಂಬುವನು ಬಂದಿದ್ದ, ನಾಲ್ಕು ಮಕ್ಕಳ ತಂದೆ. ಜೊತೆಯಲ್ಲಿ ಅವನಪ್ಪ ಈರಜ್ಜ.

"ಹನುಮಕ್ಕ, ನನ್ನ ಮಗನ್ನ ಸಾಕಿದ್ದು ಹೊಲಕ್ಕೆ. ನೀವು ಬೀಜ ಒಡೆಸಿದ ಟಗರು ಮಾಡಿ ಕಳಿಸಿದ್ರೆ ಬರೀ ಮೇಯ್ಕಂಡು ಕೊಬ್ತಾನೆ" ಅಂದ ಈರಜ್ಜ.

"ನಿನ್ನ ಟಗರಿನ ಕಥೆ ಇಲ್ಲಿ ತರಬ್ಯಾಡ ಅಜ್ಜ. ಅದೇ ಬೇರೆ, ಇದೇ ಬೇರೆ. ಒಂದಕ್ಕೊಂದು ಸಂಬಂಧನೇ ಇಲ್ಲ."

ಇದನ್ನೇ ಆ ದಿನ ಬಂದ ಹನ್ನೊಂದು ಗಂಡಸರಿಗೂ ಹೇಳಿದೆ. ಬೆಳಿಗ್ಗೆಯಿಂದ ಹೇಳೀ ಹೇಳೀ ಗಂಟಲು ಕಟ್ಟಿತ್ತು. ಸಂಜೆ ಅವರನ್ನು ಊರಿಗೆ ಬಿಡುವ ಜೀಪು ಹೊರಡುವ ಅವಸರ. ಡಾಕ್ಟರು ಕೈ ತೊಳೆಯುತ್ತಾ, "ಮೂರು ತಿಂಗಳು ಪ್ರಿಕಾಷನ್, ಎಲ್ಲರಿಗೂ ಹೇಳಿಬಿಡು" ಅಂದರು. ನಾನು ಒಬ್ಬೊಬ್ಬರ ಕೈಗೂ ನಿರೋಧ್, ಅಂದರೆ ಕಾಂಡೋಮಿನ ಪಾಕೀಟು, ಒಂದು ಅಚ್ಚಿನ ಚೀಟಿ ಕೊಟ್ಟು, "ಎಂಟು ದಿನ ಹೆಂಡ್ತಿ ಹತ್ರ ಹೋಗಬ್ಯಾಡ್ರಿ, ಗಾಯ ಮಾಯಲಿ" ಅಂದೆ. ಮೂರು ತಿಂಗಳು ಅನ್ನಲಿಲ್ಲ. ಚೀಟಿಯಲ್ಲಿದೆ, ಓದಿಕೊಳ್ಳುತ್ತಾರೆ ಅಂದುಕೊಂಡೆ. ಹನ್ನೊಂದು ಜನರಲ್ಲಿ ಓದು ಬರುತ್ತಿದ್ದುದು ಇಬ್ಬರಿಗೆ.

ನಾಲ್ಕು ತಿಂಗಳು ಕಳೆದು ಒಂದು ಬೆಳಿಗ್ಗೆ ಗಿರಿಯಪ್ಪನ ಹೆಂಡತಿ ಕೆಂಚಮ್ಮ ಆಸ್ಪತ್ರೆ ಬಾಗಿಲಿಗೆ ಬಂದಳು. ಕೈಯಲ್ಲಿ ಬಟ್ಟೆಯ ಗಂಟು. ಅಳುತ್ತಿರಲಿಲ್ಲ. ಅವಳು ಮೂರು ತಿಂಗಳ ಬಸುರಿ. ಗಂಡ ಊರವರನ್ನು ಕೂರಿಸಿ, ಇದು ತನ್ನದಲ್ಲ ಎಂದು ಹೇಳಿ, ಆದಿವಾಲದ ತವರಿಗೆ ಹೊರಡಿಸಿದ್ದ. ನಾಲ್ಕು ಮಕ್ಕಳನ್ನೂ ತನ್ನ ಹತ್ತಿರವೇ ಇಟ್ಟುಕೊಂಡಿದ್ದ.

"ನೀವು ಎಂಟು ದಿನ ಬಿಟ್ಟಿದ್ರಾ?" ಎಂದು ಕೇಳಿದೆ.

"ಎಣಿಸಿ ಬಿಟ್ಟಿದ್ವಿ."

"ಆ ಪಾಕೀಟು?"

"ಗೂಡಿನಾಗೆ ಐತೆ. ಒಡೆದೇ ಇಲ್ಲ. ಎಲ್ಲ ಕಟ್ ಮಾಡ್ಯಾರೆ, ಇನ್ಯಾಕೆ ಇದು ಅಂದ್ರು ಅವ್ರು. ಯಾಕೆ ಅಂತ ನೀವು ಯಾರಾದ್ರೂ ಹೇಳಿದ್ರಾ?"

ಯಾರೂ ಹೇಳಿರಲಿಲ್ಲ. ಹೇಳಬೇಕಾಗಿದ್ದವಳು ನಾನು. ನಾಳ ಕತ್ತರಿಸಿದ ಮೇಲೆ ಹೊಸ ವೀರ್ಯಾಣು ದಾಟಿ ಬರುವುದಿಲ್ಲ. ಆದರೆ ಕತ್ತರಿಸಿದ ಜಾಗದಿಂದ ಮುಂದಕ್ಕೆ, ಮೂತ್ರಚೀಲದ ಹಿಂದಿನವರೆಗೆ, ಮೊದಲೇ ಬಂದು ನಿಂತವು ಇರುತ್ತವೆ. ಅವು ಖಾಲಿಯಾಗುವುದಕ್ಕೆ ಮೂರು ತಿಂಗಳು ಬೇಕು. ಪಾಕೀಟು ಕೊಡುವುದು ಅದಕ್ಕೆ.

ಡಾಕ್ಟರಿಗೆ ಹೇಳಿದೆ. ಗಿರಿಯಪ್ಪನ ವೀರ್ಯವನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಊರವರಿಗೆ ತೋರಿಸೋಣ ಸಾರ್, ಅಂದೆ. ಅವರು ಬೇಡ ಎಂದು ತಲೆಯಾಡಿಸಿದರು.

"ನಾಲ್ಕು ತಿಂಗಳಾಗಿದೆ ಹನುಮಕ್ಕ. ಈಗ ನೋಡಿದರೆ ಒಂದೂ ಇಲ್ಲದೇ ಇರಬಹುದು. ಆಗ ಅವನು ಏನಂತಾನೆ? ನೋಡಿ, ಆಸ್ಪತ್ರೆಯವರೇ ಹೇಳಿದರು, ನನ್ನಲ್ಲಿ ವೀರ್ಯಾಣು ಇಲ್ಲ ಅಂತಾನೆ. ಅವಳ ಕಥೆ ಅಲ್ಲಿಗೆ ಮುಗೀತು."

ಅವರ ಮಾತು ಸರಿ. ಪರೀಕ್ಷೆ ಇವತ್ತಿನದನ್ನು ಹೇಳುತ್ತದೆ, ಮೂರು ತಿಂಗಳ ಹಿಂದಿನದನ್ನಲ್ಲ. ಅವಳ ಪರವಾಗಿ ಉಳಿದದ್ದು ಒಂದೇ, ನಾನು ಹೇಳಬೇಕಾದ್ದನ್ನು ಹೇಳಲಿಲ್ಲ ಎಂದು ಊರ ಮುಂದೆ ಒಪ್ಪಿಕೊಳ್ಳುವುದು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಡಾಕ್ಟರು ಅದನ್ನೂ ನೆನಪಿಸಿದರು. ಆಮೇಲೆ, "ನಾನೂ ಒಂದೇ ಮಾತಿನಲ್ಲಿ ಹೇಳಿ ಕೈ ತೊಳೆದುಕೊಂಡೆ. ನನ್ನ ಹೆಸರನ್ನೂ ಹೇಳು" ಅಂದರು.

ಕೆಂಚಮ್ಮನನ್ನು ತವರಿನ ಕಡೆಯ ಹಿರಿಯೂರು ಬಸ್ಸಿಗೆ ಹತ್ತಿಸಿ, ಮಾರನೆಯ ಬೆಳಿಗ್ಗೆ ಅವಳ ಗಂಡನ ಊರಿಗೆ ನಡೆದೆ. ಈರಜ್ಜನ ಅಂಗಳದಲ್ಲಿ ಏಳೆಂಟು ಗಂಡಸರು ಸೇರಿದರು. ಯಾರೂ ಕೂರು ಅನ್ನಲಿಲ್ಲ. ನಾನೇ ಕೂತು, ಕಡ್ಡಿಯಿಂದ ಮಣ್ಣಿನಲ್ಲಿ ಬೀಜ, ನಾಳ, ಮೂತ್ರಚೀಲ ಬರೆದೆ. ಒಬ್ಬ ನಕ್ಕು, "ಇದೇನಮ್ಮ, ಹೆಂಗಸಾಗಿ ಗಂಡಸ್ರಿಗೆ ಗಂಡಸ್ತನ ಹೇಳ್ಕೊಡ್ತೀಯಾ" ಅಂದ.

"ನಿಂಗೆ ಗೊತ್ತಿದ್ರೆ ನೀನೇ ಹೇಳಪ್ಪ, ಕೂತು ಕೇಳ್ತೀನಿ" ಅಂದೆ.

"ಕಟ್ ಮಾಡಿದ ಮ್ಯಾಲೆ ಅದು ಎಲ್ಲಿಂದ ಬಂತು? ಹೇಳು" ಅಂದ ಗಿರಿಯಪ್ಪ.

ನಾನು ಈರಜ್ಜನ ಕಡೆ ತಿರುಗಿದೆ. "ಅಜ್ಜ, ಬೀಜ ಒಡೆಸಿದ ಟಗರನ್ನ ಅವತ್ತೇ ಹೆಣ್ಣು ಕುರಿ ಜೊತೆ ಬಿಡ್ತೀಯಾ?"

"ಇಲ್ಲ. ಒಂದು ತಿಂಗಳು ಬ್ಯಾರೆ ಕಟ್ತೀವಿ."

"ಯಾಕೆ?"

"ಹಿಂದಿಂದು ಒಳಗೆ ಉಳಿದಿರ್ತೈತೆ. ಬಿಟ್ರೆ ಒಂದೆರಡು ಕುರಿ ಗಬ್ಬ ಆಗ್ತಾವೆ." ಇಷ್ಟು ಹೇಳಿ ಮುದುಕ ಬಗ್ಗಿ, ಮಣ್ಣಿನಲ್ಲಿ ನಾನು ಬರೆದ ನಾಳದ ಮೇಲೆ ಬೆರಳು ಎಳೆದ.

ಗಿರಿಯಪ್ಪ ಬಿಡಲಿಲ್ಲ. "ಅದೇ ಬೇರೆ, ಇದೇ ಬೇರೆ ಅಂದೋಳು ನೀನೇ ಅಲ್ವಾ?"

"ನಾನೇ. ಗಂಡಸ್ತನ ಹೋಗಲ್ಲ ಅಂತ ಹೇಳೋಕೆ ಹಂಗಂದೆ. ಅದು ನಿಜ. ಆದ್ರೆ ಮೂರು ತಿಂಗಳು ಹುಷಾರಾಗಿರ್ಬೇಕು ಅಂತ ಡಾಕ್ಟರು ಹೇಳು ಅಂದಿದ್ರು, ನಾನು ಹೇಳ್ಲಿಲ್ಲ. ತಪ್ಪು ನಂದು. ಡಾಕ್ಟರು ತಮ್ಮದೂ ಪಾಲೈತೆ ಅಂದ್ರು. ಬೈಯೋದಿದ್ರೆ ನಮ್ಮನ್ನ ಬೈಯಿ, ಅರ್ಜಿ ಬರಿ. ಕೆಂಚಮ್ಮಂದು ಏನೂ ಇಲ್ಲ."

"ನಾನು ಹೇಳ್ದಂಗೆ ಟಗರಿನ ಥರಾನೇ ಅಂತ ತಿಳ್ಕಂಡಿದ್ರೆ ಹುಡುಗ ತಿಂಗಳಾದ್ರೂ ಹೆಂಡ್ತಿಯಿಂದ ದೂರ ಇರ್ತಿದ್ದ" ಅಂದ ಈರಜ್ಜ. ನಾನು ಕುರಿಯವರಿಂದ ಅವರ ತಿಳಿವಳಿಕೆ ಕಿತ್ತುಕೊಂಡು, ನನ್ನದನ್ನು ಅರ್ಧ ಮಾತ್ರ ಕೊಟ್ಟಿದ್ದೆ.

ಕೊನೆಗೆ ಗಿರಿಯಪ್ಪ, "ಬಂದ್ರೆ ಬರ್ಲಿ ಬಿಡು" ಅಂದ. ಅಷ್ಟೇ ಸಿಕ್ಕಿತು. ಆದಿವಾಲಕ್ಕೆ ಹೋಗಿ ಅದನ್ನೇ ಹೇಳಿದೆ. ಕೆಂಚಮ್ಮ ರೊಟ್ಟಿ ಬಡಿಯುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ಬಂದ್ರೆ ಬರ್ಲಿ ಅಂದ್ರಾ? ಮೇಕೆ ತಪ್ಪಿಸ್ಕಂಡು ಬಂದಂಗಲ್ಲಕ್ಕ ನಾನು ಬಂದಿದ್ದು. ಊರ ಮುಂದೆ ಕಳಿಸಿದೋರು ಊರ ಮುಂದೆ ಕರ್ಕಂಡು ಹೋಗ್ಲಿ. ಕೂಸು ನಂದು ಅಂತ ಅವ್ರ ಬಾಯಾಗೆ ಬರ್ಲಿ."

ಒಂಬತ್ತು ದಿನ ಅವನು ಬರಲಿಲ್ಲ. ಹತ್ತನೆಯ ದಿನ ಈರಜ್ಜನ ಜೊತೆ ಹೋಗಿ, ಅವಳ ಅಣ್ಣಂದಿರ ಮುಂದೆ ಆ ಮಾತು ಹೇಳಿ ಕರೆದುಕೊಂಡು ಬಂದ. ಊರಿಗೆ ಬಂದ ಮೇಲೆ ಅದೇ ಅಂಗಳದಲ್ಲಿ ಇನ್ನೊಂದು ಸಲ ಹೇಳಿಸಿದಳಂತೆ. ಆಮೇಲೆ ಗಿರಿಯಪ್ಪನ ಪರೀಕ್ಷೆಯೂ ಆಯಿತು. ವೀರ್ಯಾಣು ಒಂದೂ ಇರಲಿಲ್ಲ, ಆಪರೇಷನ್ ಸರಿಯಾಗಿಯೇ ಆಗಿತ್ತು. ಹೆಣ್ಣು ಮಗು ಹುಟ್ಟಿತು, ನಾನೇ ಹೆರಿಗೆ ಮಾಡಿಸಿದ್ದು. ನನ್ನ ಮೇಲೆ ಯಾರೂ ಅರ್ಜಿ ಬರೆಯಲಿಲ್ಲ.

ಅಲ್ಲಿಂದ ಮುಂದೆ ಕ್ಯಾಂಪಿನ ದಿನ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ಎಷ್ಟು ತಿಂಗಳು, ಯಾಕೆ, ಮೂರು ತಿಂಗಳಾದ ಮೇಲೆ ಪರೀಕ್ಷೆಗೆ ಬರಬೇಕೋ ಬೇಡವೋ, ಇದನ್ನೆಲ್ಲ ಅವನೇ ತನ್ನ ಬಾಯಲ್ಲಿ ತಿರುಗಿ ಹೇಳಬೇಕು. ಹೇಳಲು ಬಾರದವನನ್ನು ಜೀಪು ಹತ್ತಿಸುತ್ತಿರಲಿಲ್ಲ. ಡ್ರೈವರು ಬೈದ, ಗಂಡಸರು ಗೊಣಗಿದರು. ಗೊಣಗಲಿ. ಹೇಳಿದೆ ಅನ್ನುವುದು ಕೆಲಸವಲ್ಲ, ಅವರಿಗೆ ತಿಳಿದರೆ ಕೆಲಸ. ಈ ಲೆಕ್ಕ ಗಂಡಸು ತಪ್ಪಿದರೆ ಅವನು ಮನೆಯಲ್ಲೇ ಇರುತ್ತಾನೆ. ಗಂಟು ಹಿಡಿದು ಬಸ್ಸು ಹತ್ತುವವಳು ಹೆಂಗಸು.