ಕಾರ್ಡಪ್ಪನವರ ಬೂಟಿನ ಲೇಸು

ಕಾರ್ಡಪ್ಪ ಅನ್ನುವುದು ತಂದೆ ತಾಯಿ ಇಟ್ಟ ಹೆಸರಲ್ಲ, ಮೈದಾನದ ಮಕ್ಕಳು ಕೊಟ್ಟದ್ದು. ಮಕ್ಕಳ ಹಾಕಿ ಪಂದ್ಯಕ್ಕೆ ಅಂಪೈರಾಗಿ ನಿಂತರೆ ಸಾಕು, ಅವರ ಬಲಗೈ ತಾನಾಗಿಯೇ ಜೇಬು ಹುಡುಕುತ್ತಿತ್ತು. ಹಸಿರು ಕಾರ್ಡು ಬಂದರೆ ಸ್ವಲ್ಪ ಹೊತ್ತು ಹೊರಗೆ, ಹಳದಿ ಬಂದರೆ ಇನ್ನಷ್ಟು ಹೊತ್ತು ಹೊರಗೆ, ಕೆಂಪು ಬಂದರೆ ಬ್ಯಾಗು ಎತ್ತಿಕೊಂಡು ಸೀದಾ ಮನೆಗೆ. ಒಮ್ಮೆ ಗ್ಯಾಲರಿಯಲ್ಲಿದ್ದ ಅಜ್ಜಿಯೊಬ್ಬರು ಮೊಮ್ಮಗಳ ಪರವಾಗಿ, "ಏನಯ್ಯಾ, ಕಣ್ಣು ಕಾಣಲ್ವಾ ನಿಂಗೆ?" ಎಂದು ಕೂಗಿಬಿಟ್ಟರು. ಕಾರ್ಡಪ್ಪನವರು ಆಟ ನಿಲ್ಲಿಸಿ, ಗ್ಯಾಲರಿಯತ್ತ ತಿರುಗಿ, ಅಜ್ಜಿಗೇ ಹಸಿರು ಕಾರ್ಡು ತೋರಿಸಿದರು. ನೋಡಲು ಬಂದವರಿಗೆ ಕಾರ್ಡು ತೋರಿಸುವಂತಿಲ್ಲ ಅನ್ನುವುದು ಅಜ್ಜಿಗೇನು ಗೊತ್ತು? ಪಾಪ, ಎದ್ದು ಗೇಟಿನಾಚೆ ಹೋಗಿ ನಿಂತು, ಶಿಕ್ಷೆ ಮುಗಿದಿರಬೇಕು ಎಂದು ಅಂದಾಜು ಮಾಡಿಕೊಂಡು ಒಳಗೆ ಬಂದು ಕೂತರು.

ಅವರನ್ನು ಜಿಪುಣ ಅನ್ನಿ, ಜಂಬದ ಕೋಳಿ ಅನ್ನಿ, ನಕ್ಕು ಸುಮ್ಮನಾಗುತ್ತಿದ್ದರು. ಕಣ್ಣು ಕಾಣಲಿಲ್ಲ ಅನ್ನುವ ಮಾತೊಂದು ಮಾತ್ರ ಅವರಿಗೆ ಆಗಿ ಬರುತ್ತಿರಲಿಲ್ಲ.

ಹೊಟ್ಟೆಪಾಡಿಗೆ ಅವರದು ಸೋಫಾ ರಿಪೇರಿ ಅಂಗಡಿ. ಊರಿನ ಜನ ಕೂತು ಕೂತು ಕುಗ್ಗಿಸಿದ ಸ್ಪ್ರಿಂಗು, ಹರಿದ ರೆಕ್ಸಿನ್ನು, ಪುಡಿಪುಡಿಯಾದ ಸ್ಪಂಜು ಎಲ್ಲವೂ ಅಲ್ಲಿಗೆ ಬರುತ್ತಿದ್ದವು. ಸಣ್ಣ ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು, ತುಟಿಯಿಂದ ಒಂದೊಂದೇ ತೆಗೆದು ಹೊಡೆಯುವುದು ಆ ಕೆಲಸದ ರೀತಿ. ಇದರಿಂದ ಒಂದು ಅನುಕೂಲವಿತ್ತು: ಮಾತು ಬೇಡವೆನಿಸಿದಾಗ ಅವರು ಬಾಯಿಗೆ ಮೊಳೆ ಹಾಕಿಕೊಳ್ಳುತ್ತಿದ್ದರು. ಅವರ ಹೆಂಡತಿ ಗಂಡನ ಸಿಟ್ಟನ್ನು ಅಳೆಯುತ್ತಿದ್ದದ್ದೇ ಹೀಗೆ. "ಇವತ್ತು ಬಾಯ್ತುಂಬ ಮೊಳೆ ಇದೆ ಕಣ್ರೇ, ನಾಳೆ ಬನ್ನಿ" ಎಂದು ಗಿರಾಕಿಗಳನ್ನು ಬಾಗಿಲಲ್ಲೇ ವಾಪಸು ಕಳಿಸಿದ್ದೂ ಉಂಟು.

ಹರೆಯದಲ್ಲಿ ಅವರು ಬದಲಿ ಗೋಲ್‌ಕೀಪರ್ ಆಗಿದ್ದರು. ಅಂದರೆ, ಬೆಂಚಿನ ಮೇಲೆ ಕೂತಿದ್ದರು. ಒಂದು ಭಾನುವಾರ ಅಂಪೈರು ಬರಲಿಲ್ಲ. ಬೆಂಚಿನಲ್ಲಿದ್ದ ಇವರ ಕೈಗೆ ಯಾರೋ ಸೀಟಿ ಕೊಟ್ಟರು. ಊದಿದರು. ಇಪ್ಪತ್ತೆರಡು ಜನ ಒಟ್ಟಿಗೆ ನಿಂತರು! ಮನೆಯಲ್ಲಿ ಬೆಕ್ಕೂ ಅವರ ಮಾತು ಕೇಳದಿದ್ದ ಕಾಲ ಅದು. ಅಂದು ಬಾಯಿಗಿಟ್ಟ ಸೀಟಿಯನ್ನು ಅವರು ಮತ್ತೆ ಕೆಳಗಿಳಿಸಲಿಲ್ಲ.

ಅಂಪೈರ್‌ಗಿರಿಯ ನಡತೆಯ ವಿಷಯದಲ್ಲಿ ಅವರದು ಕಟ್ಟುನಿಟ್ಟು. ಯಾವ ತಂಡದವರಿಂದಲೂ ಒಂದು ಲೋಟ ಕಾಫಿ ಕುಡಿಯುವಂತಿಲ್ಲ. ಮಗುವಿನ ಮೈ ಮುಟ್ಟಿ ಬೆನ್ನು ತಟ್ಟುವಂತಿಲ್ಲ. ಗೋಲು ಎಷ್ಟೇ ಚಂದವಿರಲಿ, ಮುಖ ಅರಳುವಂತಿಲ್ಲ. ಮೈದಾನದಲ್ಲಿ ನೆಂಟಸ್ತನ ಇಲ್ಲ. ಬೂಟಿನ ಲೇಸಿಗೆ ಎರಡು ಗಂಟು ಬಿಗಿದೇ ಒಳಗೆ ಕಾಲಿಡಬೇಕು, ಏಕೆಂದರೆ ಆಟದ ನಡುವೆ ಲೇಸು ಕಟ್ಟಲು ಬಗ್ಗಿದ ಅಂಪೈರು ಅಷ್ಟು ಹೊತ್ತು ಕುರುಡ. ಈ ಕೊನೆಯದು ಯಾವ ಪುಸ್ತಕದ್ದೂ ಅಲ್ಲ, ಅವರದೇ ಸ್ವಂತದ್ದು. ಆದ್ದರಿಂದ ಅದರ ಮೇಲೆ ಹೆಚ್ಚು ಅಭಿಮಾನ.

ಇವೆಲ್ಲವನ್ನೂ ಅವರು ಹೇಳಿಕೊಟ್ಟದ್ದು ಹೆಂಡತಿಯ ತಂಗಿಗೆ. ನಾದಿನಿ ಸಿಟಿ ಬಸ್ಸಿನ ಡ್ರೈವರು. ಅಕ್ಕನ ಮನೆಯ ಮಹಡಿಯ ಕೋಣೆಯಲ್ಲೇ ವಾಸ. ರಜೆಯ ದಿನ ಸುಮ್ಮನೆ ಕೂರಲಾರದೆ, "ಭಾವ, ನಂಗೂ ಊದೋದು ಕಲಿಸಿ" ಎಂದಿದ್ದಳು. ಕಾರ್ಡಪ್ಪನವರು ದೊಡ್ಡ ಮನಸ್ಸು ಮಾಡಿ ಕಲಿಸಿದರು. ಶಿಷ್ಯೆ ಅನ್ನುವವರು ಒಬ್ಬರಿದ್ದರೆ ಗುರುವಿಗೊಂದು ಕಳೆ ಅಲ್ಲವೆ? ಹಾಕಿಯಲ್ಲಿ ಅಂಪೈರುಗಳು ಇಬ್ಬರು; ಮೈದಾನದ ಒಂದೊಂದು ಅರ್ಧ ಒಬ್ಬೊಬ್ಬರದು. ಒಂದು ಅರ್ಧದಲ್ಲಿ ತಾವು, ಇನ್ನೊಂದರಲ್ಲಿ ತಮ್ಮದೇ ತಯಾರಿ. ನೋಡಲು ಚೆನ್ನಾಗಿಯೇ ಇತ್ತು.

ಚೆನ್ನಾಗಿರುವುದು ನಿಂತದ್ದು ಯಾವಾಗಿನಿಂದ ಎಂದು ಹೇಳುವುದು ಕಷ್ಟ. ಮೊದಮೊದಲು ತಾಯಂದಿರು, "ನಿಮ್ಮ ನಾದಿನಿ ಎಷ್ಟು ಚೆನ್ನಾಗಿ ನಡೆಸ್ತಾಳೆ ಸರ್" ಅಂದಾಗ, "ನಾನೇ ಕಲಿಸಿದ್ದು" ಎಂದು ಕಾಲರು ಸರಿಮಾಡಿಕೊಳ್ಳುತ್ತಿದ್ದರು. ಆಮೇಲೆ ಹಾಗೆ ಹೇಳುವವರ ಸಂಖ್ಯೆ ಮಿತಿಮೀರಿತು. ಅವಳು ಕಾರ್ಡು ತೋರಿಸುವ ಮೊದಲು ಮೊಣಕಾಲೂರಿ, ಮಗುವಿನ ಎತ್ತರಕ್ಕೆ ಬಂದು, ತಪ್ಪೇನು ಅಂತ ಹೇಳುತ್ತಿದ್ದಳು. ಹೊರಗೆ ಹೋಗುವ ಮಗು ಅವಳಿಗೇ "ಥ್ಯಾಂಕ್ಸ್ ಅಕ್ಕಾ" ಎಂದು ಹೋಗುತ್ತಿತ್ತು! ಕಾರ್ಡಪ್ಪನವರ ಇಷ್ಟು ವರ್ಷದ ಸೇವೆಯಲ್ಲಿ ಹಳದಿ ಕಾರ್ಡಿಗೆ ಥ್ಯಾಂಕ್ಸ್ ಬಂದದ್ದಿಲ್ಲ. ಅವಳ ಸೀಟಿಯೂ ಅವರ ಸೀಟಿಗಿಂತ ಇಂಪಾಗಿ ಕೇಳತೊಡಗಿತು. ಒಂದೇ ಅಂಗಡಿಯ ಒಂದೇ ಡಬ್ಬಿಯ ಸೀಟಿಗಳವು. ಒಂದು ದಿನ, ಅವಳು ಡ್ಯೂಟಿಗೆ ಹೋದ ಮೇಲೆ, ಅವಳದನ್ನು ತೊಳೆದು ಊದಿ ನೋಡಿದರು. ಕರ್ಕಶವಾಗಿಯೇ ಇತ್ತು.

"ಏನ್ರೀ, ಹಾಲ್‌ನಲ್ಲಿ ಸೀಟಿ?" ಅಡುಗೆಮನೆಯಿಂದ ಹೆಂಡತಿ ಕೇಳಿದಳು. "ನನಗೇನಾದ್ರೂ ಕಾರ್ಡಾ?"

ಕಾರ್ಡಪ್ಪನವರು ಬಾಯಿಗೆ ಮೊಳೆ ಹಾಕಿಕೊಂಡರು.

ಅವಳಲ್ಲಿ ಅವರು ಒಂದೇ ಒಂದು ಕೊರತೆ ಕಂಡಿದ್ದರು, ಅದನ್ನೇ ಜೋಪಾನವಾಗಿ ಇಟ್ಟುಕೊಂಡಿದ್ದರು: ಅವಳು ಕೇಳುತ್ತಾಳೆ. ತನಗೆ ಸರಿಯಾಗಿ ಕಾಣದಿದ್ದರೆ ಎದುರು ಅರ್ಧದಲ್ಲಿರುವ ಅಂಪೈರಿನ ಕಡೆ ನೋಡುತ್ತಾಳೆ. ಹಾಗೆ ನೋಡಬಹುದು, ನಿಯಮದಲ್ಲಿದೆ. ಆದರೆ ಕಾರ್ಡಪ್ಪನವರು ಒಂದು ದಿನವೂ ಆ ಕಡೆ ಕತ್ತು ತಿರುಗಿಸಿದವರಲ್ಲ. ಕಂಡರೆ ಊದುತ್ತಿದ್ದರು, ಕಾಣದಿದ್ದರೆ ಇನ್ನೂ ಜೋರಾಗಿ ಊದುತ್ತಿದ್ದರು.

"ಬಸ್ ರಿವರ್ಸ್ ತಗೊಳ್ಳುವಾಗ ಹಿಂದೆ ಒಬ್ರು ನಿಂತು ಬರ್ಲಿ ಬರ್ಲಿ ಅನ್ಬೇಕು ಭಾವ" ಅನ್ನುತ್ತಿದ್ದಳು ನಾದಿನಿ. "ಅದರಲ್ಲಿ ಅವಮಾನ ಏನು ಬಂತು?"

"ಇದು ಬಸ್ಸಲ್ಲ" ಅನ್ನುತ್ತಿದ್ದರು ಭಾವ.

ಹೀಗಿರುವಾಗ ಸುದ್ದಿ ಬಂತು: ಬೇರೆ ಊರಿನಲ್ಲಿ ಮಕ್ಕಳ ದೊಡ್ಡ ಟೂರ್ನಿ, ಇಲ್ಲಿಂದ ಒಬ್ಬ ಅಂಪೈರನ್ನು ಕರೆಸಿಕೊಳ್ಳುತ್ತಾರೆ. ಎದೆಯ ಮೇಲೆ ಲಾಂಛನವಿರುವ ನೀಲಿ ಜರ್ಸಿ ಕೊಡುತ್ತಾರೆ. ಅದಕ್ಕೆ ಮುಂಚೆ ಇಲ್ಲೇ ನಡೆಯುವ ಹುಡುಗಿಯರ ಫೈನಲ್ಲಿಗೆ ಭಾವ ನಾದಿನಿ ಇಬ್ಬರೂ ನಿಲ್ಲಬೇಕು, ನಿವೃತ್ತ ಅಂಪೈರಮ್ಮ ಒಬ್ಬರು ಮೇಲಿಂದ ಕೂತು ನೋಡಿ, ಇಬ್ಬರಲ್ಲಿ ಒಬ್ಬರನ್ನು ಆರಿಸುತ್ತಾರೆ.

ಇಬ್ಬರಲ್ಲಿ ಒಬ್ಬರು ಅನ್ನುವ ಮಾತು ಕಾರ್ಡಪ್ಪನವರ ಕಿವಿಗೆ ಬೀಳಲೇ ಇಲ್ಲ. ಮಾರನೆಯ ದಿನದಿಂದ ಸೋಫಾ ತಂದವರಿಗೆಲ್ಲ, "ಆ ವಾರ ನಾನಿರಲ್ಲ, ಟೂರ್ನಿ ಇದೆ" ಎಂದು ಶುರುಮಾಡಿದರು. ಕೇಳದವರಿಗೂ ಹೇಳಿದರು. ಎದುರಿನ ಬೇಕರಿಯವನು, "ಸರ್, ನೀಲಿ ನಿಮ್ಮ ಬಣ್ಣಕ್ಕೆ ಒಪ್ಪತ್ತೆ" ಅಂದದ್ದಕ್ಕೆ ಅವನ ಮುರುಕು ಸ್ಟೂಲಿಗೆ ಪುಕ್ಕಟೆ ಹೊಸ ಸ್ಪಂಜು ಹಾಕಿಕೊಟ್ಟರು. ಇಷ್ಟು ಸಾರಿದ ಮೇಲೆ ಹೋಗದಿದ್ದರೆ ಮುಖ ಎಲ್ಲಿಟ್ಟುಕೊಳ್ಳುವುದು? ಫೈನಲ್ ದಿನ ಬೆಳಿಗ್ಗೆ ಅವರು ಲೇಸಿಗೆ ಎರಡು ಗಂಟು ಬಿಗಿದು, ಎಳೆದು ನೋಡಿದರು. ಪಕ್ಕದಲ್ಲೇ ನಾದಿನಿ ಹಾಡು ಗುನುಗುತ್ತ ಗಂಟು ಹಾಕುತ್ತಿದ್ದಳು. ಎರಡು ಗಂಟು. ಅವರೇ ಕಲಿಸಿದ್ದು.

ಪಂದ್ಯ ಸಮಸಮವಾಗಿ ನಡೆಯಿತು. ಕೊನೆಯ ಹೊತ್ತಿಗೆ ಬಿಳಿ ಜರ್ಸಿಯ ಹುಡುಗಿಯರು ನಾದಿನಿಯ ಅರ್ಧದಲ್ಲಿ ಗೋಲಿನ ಮುಂದೆ ಮುತ್ತಿಕೊಂಡರು. ಕೋಲಿಗೆ ಕೋಲು, ಕಾಲಿಗೆ ಕಾಲು. ಗೋಲ್‌ಕೀಪರ್ ಹುಡುಗಿ ಮೆತ್ತನೆಯ ಕವಚಗಳ ಸಮೇತ ದೊಪ್ಪನೆ ಬಿದ್ದಳು. ಆ ರಾಶಿಯ ಹಿಂದಿನಿಂದ ಚೆಂಡು ಉರುಳಿ ಗೋಲಿನ ಹಲಗೆಗೆ ಟಕ್ ಎಂದು ಬಡಿಯಿತು. ಬಿಳಿ ಜರ್ಸಿಗಳು ಕಿರುಚಿ ಕುಣಿದವು. ನಾದಿನಿ ಊದಿ ಆಟ ನಿಲ್ಲಿಸಿದಳು. ಗೋಲೆಂದು ಕೈ ಮಾಡಲಿಲ್ಲ. ಗೋಲ್‌ಕೀಪರಿನ ದೇಹ ಅವಳಿಗೆ ಅಡ್ಡವಾಗಿತ್ತು.

ಕಾರ್ಡಪ್ಪನವರಿಗೆ ದೂರದಿಂದ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ಕಂಡಿತ್ತು. ಚೆಂಡು ಹೋದದ್ದು ಬಿಳಿ ಜರ್ಸಿಯ ಉದ್ದ ಜಡೆಯವಳ ಬೂಟಿಗೆ ತಗುಲಿ. ಕೋಲಿನಿಂದಲ್ಲ. ಗೋಲಲ್ಲ.

ನಾದಿನಿ ಕತ್ತೆತ್ತಿ ಅವರ ಕಡೆ ನೋಡಿದಳು.

ಇವಳು ಈಗ ತಪ್ಪು ಕೊಟ್ಟರೆ ಮೇಲೆ ಕೂತ ಅಂಪೈರಮ್ಮನಿಗೆ ಕಾಣದಿರುವುದಿಲ್ಲ. ಕಂಡರೆ ನೀಲಿ ಜರ್ಸಿ ಯಾರದು? ಸುಳ್ಳು ಹೇಳುವ ಅಗತ್ಯವೂ ಇಲ್ಲ. ಆ ಕಡೆ ನೋಡದಿದ್ದರಾಯಿತು. ಕಾರ್ಡಪ್ಪನವರು ಬಗ್ಗಿದರು. ಲೇಸು ಕಟ್ಟಿಕೊಳ್ಳುವವರಂತೆ ಬೂಟಿಗೆ ಕೈ ಹಾಕಿದರು. ಅಲ್ಲಿ ಎರಡು ಗಂಟು, ಕಲ್ಲಿನ ಹಾಗೆ. ಬಿಚ್ಚದ ಲೇಸನ್ನು ಕಟ್ಟುವುದಾದರೂ ಹೇಗೆ? ಅವರು ಉಗುರು ಹಾಕಿ ಅದನ್ನು ಬಿಚ್ಚತೊಡಗಿದರು.

ಗಂಟು ಸಡಿಲವಾಗುವಷ್ಟರಲ್ಲಿ ಎದುರಿಗೆ ಇನ್ನೊಂದು ಜೊತೆ ಬೂಟು ಬಂದು ನಿಂತಿತು. ನಾದಿನಿ ಮೈದಾನದ ಆ ತುದಿಯಿಂದ ನಡೆದೇ ಬಂದಿದ್ದಳು. ಅವರ ಬೆರಳನ್ನೂ ಅರ್ಧ ಬಿಚ್ಚಿದ ಗಂಟನ್ನೂ ನೋಡಿದಳು.

"ಸರ್, ನಂಗೆ ಕಾಣಲಿಲ್ಲ. ನೀವು ನೋಡಿದ್ರಾ?"

"ಹ್ಞೂಂ... ಅದು... ಲೇಸು..." ಎಂದು ತೊದಲಿದರು ಕಾರ್ಡಪ್ಪನವರು.

ನಾದಿನಿ ದನಿ ತಗ್ಗಿಸಿದಳು. "ಅಯ್ಯೋ. ನಿಮಗೂ ಕಾಣಲಿಲ್ವಾ ಭಾವ?"

ಕಾರ್ಡಪ್ಪನವರು ಸೆಟೆದು ನಿಂತರು. ಮೈದಾನದಲ್ಲಿ ಭಾವ ಅನ್ನಬಾರದೆಂದು ಗದರಿಸುವುದೂ ಮರೆತುಹೋಯಿತು. "ಕಾಣಲಿಲ್ವಾ ಅಂದ್ರೆ? ಯಾರಿಗೆ? ಉದ್ದ ಜಡೆಯವಳು, ಎಡಗಾಲು, ಬೂಟಿನ ತುದಿ. ಕೋಲು ಗಾಳಿಯಲ್ಲಿತ್ತು. ನನಗೆ ಕಾಣಲ್ವಾ ಅಂತಾಳೆ!"

"ಥ್ಯಾಂಕ್ಸ್ ಸರ್" ಎಂದು ನಾದಿನಿ ಓಡಿದಳು.

ಹೊಟ್ಟೆಕಿಚ್ಚನ್ನು ಜಂಬ ಮಣ್ಣುಮುಕ್ಕಿಸಿತ್ತು. ಏನಾಯಿತೆಂದು ಕಾರ್ಡಪ್ಪನವರಿಗೆ ತಿಳಿಯುವ ಹೊತ್ತಿಗೆ ನಾದಿನಿ ಗೋಲು ರದ್ದು ಮಾಡಿ, ಉದ್ದ ಜಡೆಯವಳ ಮುಂದೆ ಮೊಣಕಾಲೂರಿ ಏನೋ ಹೇಳುತ್ತಿದ್ದಳು. ಆ ಹುಡುಗಿ ತನ್ನ ಬೂಟು ನೋಡಿಕೊಂಡು ತಲೆಯಾಡಿಸಿದಳು. ಗ್ಯಾಲರಿಯಲ್ಲಿ ಚಪ್ಪಾಳೆ. ಕಂಡವರು ಇವರು, ಚಪ್ಪಾಳೆ ಕಾಣದವಳಿಗೆ! ಆಮೇಲೆ ಪಂದ್ಯ ಯಾರು ಗೆದ್ದರೆಂದು ಇಂದು ಕೇಳಿದರೂ ಅವರಿಗೆ ನೆನಪಿಲ್ಲ.

ಅಂಪೈರಮ್ಮ ಕೆಳಗಿಳಿದು ಬಂದು ಇಬ್ಬರ ಕೈಯನ್ನೂ ಕುಲುಕಿದರು. "ಕಾಣಲಿಲ್ಲ ಅಂತ ಒಪ್ಪಿಕೊಂಡು, ಎಲ್ಲರ ಎದುರು ನಡೆದು ಹೋಗಿ ಕೇಳೋ ಅಂಪೈರು ಸಿಗೋದು ಕಷ್ಟ. ಟೂರ್ನಿಗೆ ನೀನು ಹೊರಡಮ್ಮ" ಎಂದು ನಾದಿನಿಗೆ ಹೇಳಿ, ಕಾರ್ಡಪ್ಪನವರ ಕಡೆ ತಿರುಗಿದರು. "ನಿಮ್ಮ ಕಣ್ಣು ಬಹಳ ಚುರುಕು ಸರ್. ಆದ್ರೆ ಒಂದು ಮಾತು, ತಪ್ಪು ತಿಳ್ಕೋಬೇಡಿ. ಲೇಸು ಮಾತ್ರ ಪಂದ್ಯಕ್ಕೆ ಮುಂಚೆ ಗಟ್ಟಿಯಾಗಿ ಕಟ್ಕೊಂಡು ಬನ್ನಿ. ಮಕ್ಕಳ ಪಂದ್ಯದಲ್ಲಿ ಅಂಪೈರು ಹಾಗೆ ಬಗ್ಗಬಾರದು."

ಲೇಸು ಗಟ್ಟಿಯಾಗಿಯೇ ಇತ್ತು ಅಂದರೆ, ಮತ್ತೆ ಬಗ್ಗಿದ್ದು ಯಾಕೆ? ಸಡಿಲವಿತ್ತು ಅಂದರೆ, ಇಷ್ಟು ವರ್ಷ ಊರಿಗೆಲ್ಲ ಬೋಧಿಸಿದ್ದು ಏನು? ಬಾಯಿಗೆ ಹಾಕಿಕೊಳ್ಳಲು ಒಂದು ಮೊಳೆಯೂ ಕೈಗೆ ಸಿಗಲಿಲ್ಲ.

ಮನೆಯಲ್ಲಿ ಹೆಂಡತಿಗೆ ನಂಬಿಕೆಯೇ ಬರಲಿಲ್ಲ. "ಇವರ ಲೇಸು ಬಿಚ್ಚಿತ್ತಾ? ಮನೆ ಮುಂದಿನ ಬಳ್ಳಿಗೂ ಎರಡು ಗಂಟು ಹಾಕೋ ಮನುಷ್ಯ ಕಣೇ ಇವರು!"

ಕಾರ್ಡಪ್ಪನವರು ಬಾಯ್ತುಂಬ ಅನ್ನ ಹಾಕಿಕೊಂಡರು.

"ಬಿಚ್ಚಿತ್ತು ಅಕ್ಕ" ಅಂದಳು ನಾದಿನಿ. "ನಾನೇ ನೋಡ್ದೆ."

ಅವಳು ಎತ್ತಿ ಆಡಿದ್ದರೆ ಬಡಿದಾಡಬಹುದಿತ್ತು. ಮುಚ್ಚಿಟ್ಟಳಲ್ಲ, ಅದನ್ನು ನುಂಗುವುದೇ ಕಷ್ಟವಾಯಿತು. ದೊಡ್ಡ ಮನಸ್ಸು ಮಾಡುವುದರಲ್ಲೂ ಅವಳೇ ಮುಂದೆ ಹೋಗಬೇಕೆ? ಒಂದಾದರೂ ಇವರಿಗೆ ಬಿಡಬಾರದೆ?

ಟೂರ್ನಿಯ ವಾರ ಬಂತು. ಊರಿಗೆಲ್ಲ ಇರಲ್ಲ ಎಂದು ಸಾರಿದ್ದರಿಂದ ಕಾರ್ಡಪ್ಪನವರು ಅಂಗಡಿಯ ಶಟರು ಎಳೆದುಕೊಂಡು ಒಳಗೇ ಕೂತು, ಸುತ್ತಿಗೆಗೆ ಬಟ್ಟೆ ಸುತ್ತಿ, ಸದ್ದಾಗದಂತೆ ಮೊಳೆ ಹೊಡೆಯುತ್ತಿದ್ದರು. ಹೊರಗಿನಿಂದ ಬೇಕರಿಯವನು ಶಟರಿಗೆ ಬಾಯಿ ಹಚ್ಚಿ, "ಸರ್, ಕಾಫಿ ಒಳಗೆ ಕಳಿಸ್ಲಾ, ಟೂರ್ನಿಗೆ ಕಳಿಸ್ಲಾ?" ಎಂದು ಕೇಳಿಹೋಗಿದ್ದ.

ಮಧ್ಯಾಹ್ನ ಫೋನು ಬಂತು. ನಾದಿನಿ.

"ಭಾವ, ಮೊದಲನೇ ಪಂದ್ಯ ಮುಗೀತು. ಜರ್ಸಿ ಭುಜದಲ್ಲಿ ದೊಗಳೆ. ಯಾರೋ ದಪ್ಪಗಿರೋರಿಗೆ ಹೊಲಿದ ಹಾಗಿದೆ."

ಅದು ತಮ್ಮ ಭುಜವೇ ಎಂದು ಕಾರ್ಡಪ್ಪನವರಿಗೆ ಅನುಮಾನವಿರಲಿಲ್ಲ. ಬಾಯಿಂದ ಮೊಳೆಗಳನ್ನು ಅಂಗೈಗೆ ಉಗಿದುಕೊಂಡರು. "ಆಟ ಹೇಗಾಯ್ತು?"

"ಒಂದ್ಸಲ ಕಾಣಲಿಲ್ಲ. ಎದುರಿನವರ ಕಡೆ ನೋಡಿದ್ರೆ, ಆ ಮಹಾನುಭಾವ ನೀರು ಕುಡೀತಾ ನಿಂತಿದ್ದ ಭಾವ! ಸುಮ್ಮನೆ ಅಂದಾಜಿನ ಮೇಲೆ ಊದಿದೆ."

"ಹೌದಾ?" ಕಾರ್ಡಪ್ಪನವರಿಗೆ ಬಹಳ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು. ಕೂತಲ್ಲೇ ಹಿಂದಕ್ಕೆ ಒರಗಿದರು. "ನೀರು ಕುಡೀತಿದ್ನಾ? ಇಂಥವರನ್ನೆಲ್ಲಾ ಯಾರು ಕರೆಸ್ತಾರೋ!"

"ನೀವಿದ್ದಿದ್ರೆ ಚೆನ್ನಾಗಿತ್ತು" ಅಂದಳು ನಾದಿನಿ.

ಆಚೆ ಬೀದಿಯಲ್ಲಿ ಯಾವುದೋ ಬಸ್ಸು ಹಿಂದಕ್ಕೆ ಬರುತ್ತಿತ್ತು. ಬರ್ಲಿ, ಬರ್ಲಿ ಎಂದು ಯಾರೋ ಕೂಗುತ್ತಿದ್ದರು. ಕಾರ್ಡಪ್ಪನವರು ಅಂಗೈಯ ಮೊಳೆಗಳನ್ನು ಹೆಬ್ಬೆರಳಿನಿಂದ ಹೊರಳಿಸಿದರು.

"ನಾನಿದ್ದಿದ್ರೆ" ಅಂದರು, "ಲೇಸು ಕಟ್ಕೋತಿದ್ದೆ."

ಆ ಕಡೆಯಿಂದ ನಾದಿನಿ ನಕ್ಕಿದ್ದು ಕೇಳಿಸಿತು. ಅವಳ ನಗುವೂ ಸೀಟಿಯಷ್ಟೇ ಇಂಪಾಗಿತ್ತು, ಹಾಳಾದ್ದು. ಕಾರ್ಡಪ್ಪನವರು ಫೋನಿಟ್ಟು, ಮೊಳೆಗಳನ್ನು ಬಾಯಿಗೆ ಹಾಕಿಕೊಂಡು, ಸುತ್ತಿಗೆಗೆ ಸುತ್ತಿದ್ದ ಬಟ್ಟೆ ಬಿಚ್ಚಿ, ಊರಿಗೆಲ್ಲ ಕೇಳುವ ಹಾಗೆ ಹೊಡೆಯತೊಡಗಿದರು.