ರಾಜಕ್ಕನ ವಿಮಾನ, ಮಾಲತೇಶಣ್ಣನ ಬಸ್ಸು

ಶಿಕಾರಿಪುರದಿಂದ ಸೊರಬಕ್ಕೆ ಓಡುವ ಖಾಸಗಿ ಬಸ್ಸಿಗೆ ಮಾಲತೇಶಣ್ಣ ಡ್ರೈವರ್, ನಾನು ಕಂಡಕ್ಟರ್. ಇಪ್ಪತ್ತು ವರ್ಷದಿಂದ ಅವನಿಗೆ ಅದೇ ರೂಟು. ಎದುರಿಗೆ ಲಾರಿ ನುಗ್ಗಿ ಬಂದರೂ ಬಾಯೊಳಗಿನ ಎಲೆಯಡಿಕೆ ಜಗಿಯುವುದನ್ನು ನಿಲ್ಲಿಸದ ಆಸಾಮಿ. ಹೆದರಿಕೆ ಅಂದರೆ ಏನೆಂದೇ ಗೊತ್ತಿಲ್ಲ ಎಂದು ಜಂಬ ಕೊಚ್ಚುತ್ತಿದ್ದ. ಆ ಜಂಬ ಒಂದೇ ಟ್ರಿಪ್ಪಿನಲ್ಲಿ ಇಳಿಯಿತು.

ಅವನ ಹೆಂಡತಿ ರಾಜೇಶ್ವರಮ್ಮ, ನಮಗೆಲ್ಲ ರಾಜಕ್ಕ, ಊರಿನ ಮಹಿಳಾ ಸಂಘದವರ ಜೊತೆ ಲಡಾಖ್, ಕಾಶ್ಮೀರ ನೋಡಲು ಹೋಗಿದ್ದಳು. ಆವತ್ತು ಬೆಳಿಗ್ಗೆ ಲೇಹ್‌ನಿಂದ ಶ್ರೀನಗರಕ್ಕೆ ವಿಮಾನ. ಇಲ್ಲಿನ ಪ್ರೀಪೇಯ್ಡ್ ಸಿಮ್ ಅಲ್ಲಿ ನಡೆಯುವುದಿಲ್ಲ. ಇಳಿದ ಕೂಡಲೇ ಟೂರಿನವನ ಫೋನಿನಿಂದ ಮಿಸ್ ಕಾಲ್ ಕೊಡುತ್ತೇನೆ ಎಂದಿದ್ದಳು. ಹೋದವರು ಮುಟ್ಟಿದ ಮೇಲೆ ಮಿಸ್ ಕಾಲ್ ಕೊಡುವುದು ನಮ್ಮ ಕಡೆ ಎಲ್ಲ ಮನೆಯ ರೂಢಿ.

"ರಸ್ತೆಯಾಗೆ ನಾನೂರು ಕಿಲೋಮೀಟರ್ ಮೇಲೈತಂತೆ. ವಿಮಾನಕ್ಕಾದ್ರೆ ಇನ್ನೂರೈವತ್ತು, ಗಂಟೆಯೊಳಗೆ ಇಳಿತೈತಿ," ಎಂದ ಮಾಲತೇಶಣ್ಣ, ಗಾಡಿ ಹತ್ತುತ್ತಾ. "ನಾವು ಸೊರಬ ಮುಟ್ಟೋದ್ರೊಳಗೆ ಅವಳೂ ಮುಟ್ಟಿರ್ತಾಳೆ ಬಿಡು."

ಬಸ್ಸು ಓಡುವಾಗ ಡ್ರೈವರ್ ಫೋನು ಕಂಡಕ್ಟರ್ ಹತ್ತಿರ ಇರಬೇಕು ಅನ್ನುವುದು ನಮ್ಮ ಮಾಲೀಕರ ಕಟ್ಟಪ್ಪಣೆ. ಫೋನು ನನ್ನ ಜೇಬಿಗೆ ಬಂತು.

ಶಿರಾಳಕೊಪ್ಪದವರೆಗೆ ಸುಮ್ಮನಿದ್ದ. ಆಮೇಲೆ ಶುರುವಾಯಿತು.

"ಬಂತೇನೋ ತೀರ್ಥೇಶಾ?"

"ಇಲ್ಲಣ್ಣ, ಬರ್ತೈತಿ."

ಪ್ರತಿ ಸ್ಟಾಪಿನಲ್ಲೂ ಅದೇ ಪ್ರಶ್ನೆ. ವಿಮಾನ ಇಳಿಯುವ ಹೊತ್ತು ಮೀರಿತು. ನಾನೇ ಹಿಂದಿನ ಸೀಟಿಗೆ ಹೋಗಿ ಅವನ ಫೋನಿನಲ್ಲಿದ್ದ ಟೂರಿನವನ ನಂಬರಿಗೆ ಹಚ್ಚಿದೆ. ಸ್ವಿಚ್ ಆಫ್. ಮಾಲತೇಶಣ್ಣನಿಗೆ ಹೇಳಲಿಲ್ಲ, ಆದರೆ ಕನ್ನಡಿಯಲ್ಲಿ ನನ್ನ ಮುಖ ನೋಡಿಬಿಟ್ಟಿದ್ದ. ಮುಂದಿನ ತಿರುವಿನಲ್ಲಿ ಹಾರ್ನ್ ಹಾಕುವುದನ್ನೇ ಮರೆತ. ಎದುರಿಗೆ ಬಂದ ಪಿಕಪ್ ಕೂದಲೆಳೆಯಲ್ಲಿ ತಪ್ಪಿತು. ಬಸ್ಸಿನಲ್ಲಿ ಎಲ್ಲರೂ ಚೀರಿದರು. ಅಲ್ಲಿ ವಿಮಾನಕ್ಕೆ ಏನಾಗಿದೆಯೋ ಗೊತ್ತಿಲ್ಲ, ಇಲ್ಲಿ ಇಷ್ಟು ಜನರ ಜೀವ ಇವನ ಕೈಯಲ್ಲಿ.

"ಅಣ್ಣಾ, ಸೈಡಿಗೆ ಹಾಕು."

"ನಿಂತ್ರೆ ಜೀವ ಹೋಗ್ತೈತಿ ಕಣೋ," ಎಂದ. ಎತ್ತಿನಗಾಡಿಯ ವೇಗದಲ್ಲಿ ಸೊರಬ ಮುಟ್ಟಿಸಿದ.

ಬಸ್ ಸ್ಟ್ಯಾಂಡಿನಲ್ಲಿ ಜನ ಇಳಿದರೂ ಅವನು ಸೀಟಿನಿಂದ ಏಳಲಿಲ್ಲ. ನೀರು ಕೊಟ್ಟರೆ ಅಂಗಿಯ ಮೇಲೆಲ್ಲ ಚೆಲ್ಲಿಕೊಂಡ. ವಾಪಸ್ ಟ್ರಿಪ್ಪಿಗೆ ಜನ ಹತ್ತತೊಡಗಿದರು. ಆಗ ಫೋನು ಹೊಡೆದುಕೊಂಡಿತು. ಮಿಸ್ ಕಾಲ್ ಅಲ್ಲ, ನಿಲ್ಲದೆ ಹೊಡೆದುಕೊಂಡಿತು. ಅವನಿಗೆ ತೆಗೆದುಕೊಳ್ಳುವ ಧೈರ್ಯವಾಗಲಿಲ್ಲ. ನಾನೇ ಸ್ಪೀಕರಿಗೆ ಹಾಕಿದೆ.

"ರೀ, ನಾನು," ಎಂದಳು ರಾಜಕ್ಕ. "ಶ್ರೀನಗರದಾಗೆ ಮೋಡ ಮುಚ್ಚಿತ್ತಂತೆ. ಮೇಲೇ ಸುತ್ತಾಡ್ಸಿ ವಾಪಸ್ ಲೇಹ್‌ಗೇ ತಂದಿಳಿಸಿದ್ರು. ನಾಳೆ ಮತ್ತೆ ಹತ್ತಿಸ್ತಾರಂತೆ."

ಮಾಲತೇಶಣ್ಣ ಪ್ಯಾಸೆಂಜರ್‌ಗಳ ಎದುರೇ ಗಳಗಳ ಅತ್ತುಬಿಟ್ಟ. "ಬ್ಯಾಡ ಕಣೇ, ವಿಮಾನ ಬ್ಯಾಡ. ಎಷ್ಟ್ ದಿನ ಆದ್ರೂ ಆಗ್ಲಿ, ಬಸ್ಸಿನಾಗೆ ಬಾ."

ರಾಜಕ್ಕ ದನಿ ಏರಿಸಿದಳು.

"ಬಸ್ಸಿನಾಗಾ? ದಿನಾ ನಿಮ್ಮನ್ನ ಬಸ್ಸಿಗೆ ಕಳಿಸಿ, ಓಡ್ಸೋರಿಗೆ ಫೋನ್ ಮಾಡ್ಬಾರ್ದು ಅಂತ ಹಲ್ಲು ಕಚ್ಕೊಂಡು ಕೂತೋಳು ನಾನು. ನಂಗೇನು ಹೆದ್ರಿಕೆ ಆಗ್ತಿರ್ಲಿಲ್ಲ ಅಂದ್ಕೊಂಡ್ರಾ? ನಾಳೆ ವಿಮಾನದಾಗೇ ಹೋಗ್ತೀನಿ. ನೀವೂ ಒಂದಿನ ಕಾಯ್ರಿ."

ಮಾರನೆಯ ದಿನ ಮಾಲತೇಶಣ್ಣ ಡ್ಯೂಟಿಗೆ ಬರಲಿಲ್ಲ; ಮಿಸ್ ಕಾಲ್ ಕಾಯುತ್ತ ಮನೆಯಲ್ಲೇ ಕೂತ.