ಎಕ್ಸ್‌ರೇ ಅಕ್ಕ ಕಾರು ಕೊಂಡದ್ದು

ಮನೆಬಳಕೆ ಸಾಮಾನು ಮಾರುವ ಆ ದೊಡ್ಡ ಅಂಗಡಿಯಲ್ಲಿ, ಮಾರಿದ್ದನ್ನು ವಾಪಸ್ ತೆಗೆದುಕೊಳ್ಳುವ ಕೌಂಟರ್ ನೆಲಮಾಳಿಗೆಯಲ್ಲಿತ್ತು. ಅಲ್ಲಿ ಕೂರುತ್ತಿದ್ದವಳನ್ನು, ಕೂರುವುದೆಲ್ಲಿ ಬಂತು, ದಿನವಿಡೀ ನಿಂತೇ ಇರುತ್ತಿದ್ದವಳನ್ನು, ಎಲ್ಲರೂ ಎಕ್ಸ್‌ರೇ ಅಕ್ಕ ಎನ್ನುತ್ತಿದ್ದರು. "ಡಬ್ಬಿ ಬಿಚ್ಚೇ ಇಲ್ಲ ಮೇಡಂ" ಎಂದು ಯಾರಾದರೂ ಮಿಕ್ಸಿ ಮುಂದಿಟ್ಟರೆ ಅಕ್ಕ ಜಾರಿನೊಳಗೆ ಮೂಗು ತೂರಿಸಿ, "ಬಿಚ್ಚದ ಡಬ್ಬಿಯೊಳಗೆ ಬೆಳ್ಳುಳ್ಳಿ ಹೇಗೆ ಹೋಯ್ತಪ್ಪಾ?" ಎನ್ನುವಳು. ಇಸ್ತ್ರಿಪೆಟ್ಟಿಗೆ ತಂದವರು ಅವಳ ಮುಖ ನೋಡಿದ್ದೇ, "ಕೈಜಾರಿ ಬಿತ್ತು" ಎಂದು ತಾವಾಗಿಯೇ ಬಾಯಿಬಿಟ್ಟು ಹಿಂದಿರುಗಿದ್ದೂ ಉಂಟು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಬ್ಬಾಕೆಯ ಕಣ್ಣೀರಿಗೆ ಕರಗಿ, ಸುಟ್ಟ ಹೀಟರ್ ವಾಪಸ್ ತೆಗೆದುಕೊಂಡು, ಮ್ಯಾನೇಜರ್ ಕೈಲಿ ಎಲ್ಲರೆದುರು ಉಗಿಸಿಕೊಂಡಿದ್ದಳು. ಅಂದಿನಿಂದ ಜನ ಬಾಯಿ ತೆಗೆದರೆ ಸಾಕು, ಮಾತಿನ ಹಿಂದೆ ಇರುವುದು ಅವಳಿಗೆ ಕಾಣಿಸುತ್ತಿತ್ತು. ಏನೂ ಇಲ್ಲದ ಕಡೆಯೂ ಕಾಣಿಸುತ್ತಿತ್ತು.

ಅವಳ ಗಂಡ ಹಲ್ಲಿನ ಸೆಟ್ಟು ಕಟ್ಟುವವನು. ಊರಿನವರ ಅರ್ಧ ನಗು ತನ್ನ ಕೈಯದೇ ಎಂದು ತಿಳಿದಿದ್ದರಿಂದಲೋ ಏನೋ, ಯಾರ ಮಾತನ್ನೂ ಕೆದಕುವವನಲ್ಲ.

ನಿಂತೂ ನಿಂತೂ ಅಕ್ಕನ ಎಡ ಮಂಡಿ ಕೈಕೊಟ್ಟಿತು. ಇನ್ನು ಕ್ಲಚ್ ತುಳಿಯಬೇಡಿ ಎಂದರು ಡಾಕ್ಟರು. ಆಟೋಮ್ಯಾಟಿಕ್ ಗೇರಿನ ಕಾರೇ ಆಗಬೇಕು, ಹೊಸದು ಕೈಗೆಟುಕದು. ಸೆಕೆಂಡ್‌ಹ್ಯಾಂಡ್ ಹುಡುಕಾಟ ಶುರುವಾಯಿತು. ಒಬ್ಬನ ನಗು ಅತಿಯಾಯಿತು. ಇನ್ನೊಬ್ಬ ಕಾರನ್ನು ವಿಪರೀತ ತೊಳೆದಿದ್ದ. ಮತ್ತೊಬ್ಬ ಕೇಳುವ ಮೊದಲೇ ಕಾಫಿ ತಂದಿಟ್ಟ. "ಏನೋ ಇದೆ" ಎಂದು ಅಕ್ಕ ಎಲ್ಲ ಕಡೆಯಿಂದಲೂ ಎದ್ದು ಬಂದಳು.

ಕೊನೆಗೆ ಸಿಕ್ಕವರು ರಿಟೈರಾದ ಭೂಗೋಳದ ಮೇಷ್ಟ್ರು. ಅವರ ಬೂದು ಕಾರು ಗೇಟಿನೊಳಗೆ ಧೂಳು ಹೊದ್ದು ನಿಂತಿತ್ತು. ಅಕ್ಕನಿಗೆ ಆ ಧೂಳೇ ಹಿಡಿಸಿತು. ಬೀದಿಯ ತುದಿವರೆಗೆ ಓಡಿಸಿದಳು. ಬೆಣ್ಣೆಯೊಳಗಿನ ಕೂದಲು ತೆಗೆದ ಹಾಗೆ ಹೋಗಿಬಂತು.

"ಅಮ್ಮಾ, ಒಂದು ಮಾತು," ಎಂದರು ಮೇಷ್ಟ್ರು. "ಗೇರ್‌ಬಾಕ್ಸ್ ಸರಿಯಿಲ್ಲ. ಬಿಸಿಯಾಗೋ ತನಕ ಗೊತ್ತಾಗಲ್ಲ. ಅರ್ಧ ಗಂಟೆ ಓಡಿದ್ಮೇಲೆ ಎಂಜಿನ್ ಬೊಬ್ಬೆ ಹೊಡೆಯುತ್ತೆ, ಗಾಡಿ ಮಾತ್ರ ಕದಲಲ್ಲ. ಬೇಕಿದ್ರೆ ಒಂದು ದೊಡ್ಡ ಸುತ್ತು ಹೋಗ್ಬನ್ನಿ, ನಾನಿಲ್ಲೇ ಇರ್ತೀನಿ."

ಅಕ್ಕನ ಕಣ್ಣು ಕಿರಿದಾಯಿತು. ಮಾರುವವನು ತನ್ನ ಮಾಲನ್ನು ತಾನೇ ಹಳಿಯುವುದೆಂದರೇನು? ಅಷ್ಟರಲ್ಲಿ ಒಳಗೆ ಫೋನ್ ಬಡಿದುಕೊಂಡಿತು. ಬಾಗಿಲ ಮರೆಯಲ್ಲಿ ಮೇಷ್ಟ್ರು ದನಿ ತಗ್ಗಿಸಿ, "ಇಲ್ಲ, ಇನ್ನೂ ಕೊಟ್ಟಿಲ್ಲ... ಹೂಂ, ಹೇಳ್ದೆ, ಹೇಳ್ದೆ" ಎನ್ನುವುದು ಕೇಳಿಸಿತು. ಅವಳಿಗೆ ಎಲ್ಲ ನಿಚ್ಚಳವಾಯಿತು.

"ಬೇರೆ ಗಿರಾಕಿ ಕುದುರಿದಾನೆ ರೀ," ಎಂದು ಗಂಡನ ಕಿವಿಯಲ್ಲಿ ಉಸುರಿದಳು. "ನಮ್ಮನ್ನ ಸಾಗಹಾಕೋಕೆ ಕಥೆ ಕಟ್ತಿದಾರೆ. ದೊಡ್ಡ ಸುತ್ತಂತೆ! ನಾವು ಆ ಕಡೆ ಹೋದ್ರೆ ಅವನು ಈ ಕಡೆ ಬಂದು ಕಾರು ತಗೊಂಡು ಹೋಗ್ತಾನೆ."

"ಕಾರು ನಮ್ಮ ಹತ್ರಾನೇ ಇರುತ್ತಲ್ಲೇ."

"ನಿಮಗೆ ಇದೆಲ್ಲ ಗೊತ್ತಾಗಲ್ಲ, ಸುಮ್ನಿರಿ."

ಮೇಷ್ಟ್ರು ಎಷ್ಟು ಬೇಡವೆಂದರೋ ಅಕ್ಕ ಅಷ್ಟೂ ಪಟ್ಟು ಹಿಡಿದಳು. ಕೀ ಕೈಗೆ ಬಂದ ಮೇಲೆಯೇ ಅವಳ ಮುಖ ಸಡಿಲವಾದದ್ದು. ಗೇಟು ಹಿಡಿದು ನಿಂತ ಮೇಷ್ಟ್ರು, "ಏರು ಹತ್ತುವಾಗ ಹುಷಾರಮ್ಮಾ" ಎಂದರು. "ಮುಖ ಹೇಗೆ ಬಾಡಿದೆ ನೋಡಿ," ಎಂದಳು ಅಕ್ಕ.

ಮನೆಯಿಂದ ಅಂಗಡಿ ಹತ್ತಿರವೇ ಇದ್ದುದರಿಂದ ವಾರವೆಲ್ಲ ಕಾರು ತಕರಾರು ಮಾಡಲಿಲ್ಲ. ಭಾನುವಾರ ಗಂಡನನ್ನು ಪಕ್ಕದಲ್ಲೂ ಅತ್ತೆಯನ್ನು ಹಿಂದೆಯೂ ಕೂರಿಸಿಕೊಂಡು ಊರಾಚೆ ಹೊರಟಳು. ಮೇಲ್ಸೇತುವೆಯ ಏರಿನ ನಡುವೆ ಎಂಜಿನ್ ಗಂಟಲು ಹರಿಯುವಂತೆ ಕೂಗಿತು. ಕಾರು ಒಮ್ಮೆ ಮುಗ್ಗರಿಸಿ ನಿಂತೇಬಿಟ್ಟಿತು. ಹಿಂದಿನವರ ಹಾರ್ನ್ ಸದ್ದು ಮುಗಿಲು ಮುಟ್ಟಿತು.

"ಇಷ್ಟು ಕಿರುಚ್ತಿದೆ, ಪಾಪ, ಏನು ಸಂಕಟವೋ," ಎಂದರು ಅತ್ತೆ.

ಅಂಗಿ ತೋಳು ಮಡಚಿ ಗಂಡ ತಳ್ಳುತ್ತಿದ್ದರೆ, ಸ್ಟೀರಿಂಗ್ ಹಿಡಿದ ಅಕ್ಕನ ಕಿವಿ ಕೆಂಪಾಗಿತ್ತು. ಗಾಡಿಯಡಿ ಮಲಗಿ ನೋಡಿದ ಮೆಕ್ಯಾನಿಕ್ ಎದ್ದು ಕೈ ಒರೆಸಿಕೊಂಡ. "ಗೇರ್‌ಬಾಕ್ಸ್ ಮೇಡಂ. ಮಾರಿದೋರು ಹೇಳ್ಲಿಲ್ವಾ?"

ಅಕ್ಕ ಪರ್ಸಿನೊಳಗೆ ಏನೋ ಹುಡುಕತೊಡಗಿದಳು.

"ಹೇಳಿದ್ರು," ಎಂದ ಗಂಡ.

ಅತ್ತೆಯನ್ನು ಆಟೋ ಹತ್ತಿಸಿ, ಕಾರು ತಣಿದ ಮೇಲೆ ಇಬ್ಬರೂ ಮೇಷ್ಟ್ರ ಮನೆಗೆ ಹೊರಟರು. ದಾರಿಯುದ್ದಕ್ಕೂ ಅಕ್ಕ ಮಾತು ಜೋಡಿಸಿಕೊಂಡಳು: ನಾವು ಬಳಸಿದ್ದೇ ಇಲ್ಲ, ತಂದಾಗಲೇ ಹೀಗಿತ್ತು. ಎಲ್ಲವೂ ನೆಲಮಾಳಿಗೆಯಲ್ಲಿ ಕೇಳಿ ಕೇಳಿ ಹಳಸಿದ ಮಾತುಗಳು. ಹೇಳುವ ಕಷ್ಟ ಬರಲಿಲ್ಲ. ಬಾಗಿಲು ತೆಗೆದ ಮೇಷ್ಟ್ರು, "ಬಿಸಿಯಾಯ್ತಾ?" ಎಂದರು.

ಅಕ್ಕ ತಲೆಯಾಡಿಸಿದಳು.

"ಬಿಟ್ಟು ಹೋಗಿ ಅಮ್ಮಾ. ನಿಮ್ಮ ದುಡ್ಡು ಹಾಗೇ ಇದೆ. ಅವತ್ತು ನೀವಿದ್ದಾಗ್ಲೇ ಮಗಳು ಫೋನ್ ಮಾಡಿದ್ಲು, ಗೇರ್‌ಬಾಕ್ಸ್ ವಿಷಯ ಹೇಳಿದ್ಯೇನಪ್ಪಾ ಅಂತ. ಹೇಳ್ದೆ ಅಂದೆ. ಸರಿಯಾಗಿ ಬಿಡಿಸಿ ಹೇಳ್ಲಿಲ್ವೇನೋ ಅಂತ ನನಗೇ ಒಂಥರಾ ಆಗಿತ್ತು."

ತನ್ನ ಕೌಂಟರಿನಲ್ಲಿ ಯಾರಿಗೂ ಅಕ್ಕ ಇಷ್ಟು ಸಲೀಸಾಗಿ 'ಬಿಟ್ಟು ಹೋಗಿ' ಎಂದದ್ದಿಲ್ಲ. ಕೀ ಕೊಡಲೆಂದು ಕೈ ಚಾಚಿದಳು. ಚಾಚಿದ ಕೈ ಅರ್ಧಕ್ಕೇ ನಿಂತಿತು. ಒಂದು ಮಾತೂ ಎದುರಾಡದೆ, ಸಾಮಾನು ತಿರುಗಿಸಿ ಕೂಡ ನೋಡದೆ, ಕೆಟ್ಟದ್ದನ್ನು ಯಾರಾದರೂ ವಾಪಸ್ ತೆಗೆದುಕೊಳ್ಳುತ್ತಾರೆಯೇ?

"ಯೋಚನೆ ಮಾಡಿ ಹೇಳ್ತೀವಿ," ಎಂದು ಗಂಡನನ್ನು ಎಳೆದುಕೊಂಡು ಹೊರಬಂದಳು.

"ಅದೆಂಥ ಯೋಚನೆಯೇ?" ಗಂಡನಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

"ಅಷ್ಟು ಸುಲಭವಾಗಿ ವಾಪಸ್ ಕೇಳ್ತಿದಾರೆ ಅಂದ್ರೆ ಗಾಡಿ ಒಳ್ಳೇದೇ ರೀ. ಗೇರ್‌ಬಾಕ್ಸ್ ಒಂದು ಸರಿ ಮಾಡಿಸಿಬಿಟ್ರೆ ಬಂಗಾರ. ಕೊಟ್ಟು ಪಶ್ಚಾತ್ತಾಪ ಆಗಿದೆ ಅವರಿಗೆ."

ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ, ಬಿಚ್ಚಿ, ಒಳಗಿನದೆಲ್ಲ ಬದಲಿಸಿದ. ಅದಕ್ಕೆ ತೆತ್ತದ್ದು ಎಷ್ಟೆಂದು ಅತ್ತೆಗೆ ಇಂದಿಗೂ ಗೊತ್ತಿಲ್ಲ. ಕಾರೇನೋ ಆಮೇಲೆ ಮುದ್ದಾಗಿ ಓಡತೊಡಗಿತು.

ಒಂದು ಸಂಜೆ ಸಿಗ್ನಲ್ಲಿನ ಹತ್ತಿರ ಮೇಷ್ಟ್ರು ತರಕಾರಿ ಚೀಲ ಹಿಡಿದು ನಡೆದುಹೋಗುತ್ತಿದ್ದರು. ಗಂಡ ಗಾಜು ಇಳಿಸಿ ಕರೆದು ಹಿಂದೆ ಹತ್ತಿಸಿಕೊಂಡ. ಏರು ಬಂತು, ಕಾರು ಸದ್ದಿಲ್ಲದೆ ಹತ್ತಿತು. ಮೇಷ್ಟ್ರು ಸೀಟು ಸವರುತ್ತಾ ಸಂತೋಷದಿಂದ, "ಎಷ್ಟು ಚೆನ್ನಾಗಿ ಹೋಗ್ತಿದೆ! ಮಾರಲೇಬಾರದಿತ್ತು ನೋಡಿ ನಾನು," ಎಂದು ನಕ್ಕರು.

ಅಕ್ಕ ಸ್ಟೀರಿಂಗಿನಿಂದ ಒಂದು ಬೆರಳೆತ್ತಿ ಗಂಡನ ತೊಡೆಗೆ ತಿವಿದಳು. "ಕೇಳಿಸ್ಕೊಂಡ್ರಾ?"